ಒಂದೇ ಕೊಪ್ಪರಿಗೆಯ ಊಟ

ಮಧ್ಯ ಯುರೋಪಿನ ಹಂಗೇರಿ ಕಡಲತೀರವಿಲ್ಲದ ಸಣ್ಣ ದೇಶ. ಬುಡಾ, ಓಬುಡಾ, ಪೆಸ್ಟ್ ಎಂಬ ಮೂರು ಪಟ್ಟಣಗಳು 1873ರಲ್ಲಿ ಒಂದುಗೂಡಿ ಅದರ ರಾಜಧಾನಿ ಬುಡಾಪೆಸ್ಟ್ ಆಯಿತು. ನಗರದ ನಡುವೆ ಡಾನ್ಯೂಬ್ ಮಹಾನದಿ ಹರಿಯುತ್ತದೆ. ಭಾರತೀಯ ವಿದ್ವತ್ ಲೋಕಕ್ಕೆ ಈ ಜನ ಅಪರಿಚಿತರಲ್ಲ. 1834ರಲ್ಲಿ ಕಲ್ಕತ್ತೆಯಲ್ಲಿ ಟಿಬೆಟಿಯನ್ ಭಾಷೆಯ ನಿಘಂಟನ್ನು ಪ್ರಕಟಿಸಿ, 1842ರಲ್ಲಿ ದಾರ್ಜಿಲಿಂಗಿನಲ್ಲಿ ದೇಹವಿಟ್ಟ ಚೋಮಾ ದ ಕೊರೋಶಿ ಎಂಬ ಪಂಡಿತನು ಹಂಗೇರಿಯನ್ ಕುಲದವನು. ಆದರೆ ಇಲ್ಲಿ ನಾನು ಹೇಳಹೊರಟಿರುವುದು ಆ ನಾಡಿನ ಗ್ರಂಥಾಲಯಗಳ ಮಾತನ್ನಲ್ಲ, ಅಡುಗೆಮನೆಯ ಮಾತನ್ನು.

ಬುಡಾಪೆಸ್ಟಿನಿಂದ ಪೂರ್ವಕ್ಕೆ ಪಯಣಿಸಿ ತಿಸಾ ನದಿಯನ್ನು ದಾಟಿದರೆ ಹೋರ್ತೋಬಾಜ್ ಎಂಬ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಕಣ್ಣು ಹಾಯುವಷ್ಟು ದೂರ ಗುಡ್ಡವಿಲ್ಲ, ಮರಗಳೂ ವಿರಳ. ಉದ್ದ ಕೊಂಬಿನ ಬೂದುಬಣ್ಣದ ದನಗಳು, ನಮ್ಮ ಹಳೆಯ ಏತಗಳನ್ನೇ ನೆನಪಿಸುವ ಬಾವಿಗಳು, 1833ರಲ್ಲಿ ಪೂರ್ಣಗೊಂಡ ಒಂಬತ್ತು ಕಮಾನುಗಳ ಕಲ್ಲುಸೇತುವೆ ಇಲ್ಲಿನ ನೋಟಗಳು. 1973ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಬಯಲು 1999ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹಂಗೇರಿಯನ್ ನುಡಿಯಲ್ಲಿ 'ಗುಯಾ' ಎಂದರೆ ದನಗಳ ಹಿಂಡು, 'ಗುಯಾಶ್' ಎಂದರೆ ದನಗಾಹಿ. ದನಗಾಹಿಗಳು ಬಯಲಿನಲ್ಲಿ ಬೆಂಕಿ ಹೂಡಿ, 'ಬೊಗ್ರಾಚ್' ಎಂಬ ಕೊಪ್ಪರಿಗೆಯನ್ನು ಅದರ ಮೇಲೆ ತೂಗುಹಾಕಿ ಬೇಯಿಸಿಕೊಳ್ಳುತ್ತಿದ್ದ ಊಟಕ್ಕೆ ಅವರ ಹೆಸರೇ ನಿಂತಿತು. ಮೂಲದಲ್ಲಿ ಅದು ಮಾಂಸದ ಅಡುಗೆ. ಆದರೆ ಮಾಂಸವಿಲ್ಲದೆ ಆಲೂಗಡ್ಡೆ, ಕಾಯಿಪಲ್ಲೆಗಳಿಂದ ಅದನ್ನು ಸಿದ್ಧಪಡಿಸುವ ರೂಢಿಯೂ ಅಲ್ಲಿನ ಮನೆಗಳಲ್ಲಿದೆ. ಅದನ್ನು 'ಹಾಮಿಶ್ ಗುಯಾಶ್', ಅಂದರೆ 'ಹುಸಿ ಗುಯಾಶ್' ಎನ್ನುತ್ತಾರೆ. ನಮ್ಮಂಥವರಿಗೆ ಈ ಹುಸಿಯೇ ದಿಟ.

ಹುಸಿಯಾಗಲಿ ದಿಟವಾಗಲಿ, ಈ ಅಡುಗೆಯ ಜೀವಾಳ ಪಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ. ಬುಡಾಪೆಸ್ಟಿನಲ್ಲಿ 1897ರಲ್ಲಿ ತೆರೆದ ದೊಡ್ಡ ಮಾರುಕಟ್ಟೆಯ ಅಂಗಡಿಗಳಲ್ಲಿ ಒಣಮೆಣಸಿನ ಮಾಲೆಗಳು ತೂಗಾಡುತ್ತವೆ. ತಿಸಾ ದಂಡೆಯ ಸೆಗೆಡ್ ಮತ್ತು ಡಾನ್ಯೂಬ್ ಸಮೀಪದ ಕಾಲೋಚಾ ಈ ಬೆಳೆಗೆ ಹೆಸರಾದ ಊರುಗಳು. ಅಮೆರಿಕ ಖಂಡದ ಈ ಗಿಡ ತುರ್ಕರ ಆಳ್ವಿಕೆಯ ಕಾಲದಲ್ಲಿ ಹಂಗೇರಿಯನ್ನು ತಲುಪಿತು. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಬಂದಿಳಿಯಿತು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯಂತೆ ಅಲ್ಲಿಯ ಸಿಹಿ ಪಾಪ್ರಿಕಾ ಕೂಡ ಖಾರಕ್ಕಿಂತ ಬಣ್ಣಕ್ಕೆ ಪ್ರಸಿದ್ಧ. ಸೆಗೆಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಸೆಂಟ್ ಜೋರ್ಜಿ ಅವರು ಈ ಮೆಣಸಿನಕಾಯಿಯಿಂದಲೇ 'ಸಿ' ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟು ಸತ್ವವುಳ್ಳ ಅಡುಗೆಯಾದರೂ ಎಲ್ಲರ ಹೊಟ್ಟೆಗೂ ಹಿತವಾದುದಲ್ಲ. ರೂಢಿಯಂತೆ ಹಂದಿಯ ಕೊಬ್ಬಿನಲ್ಲಿ ಈರುಳ್ಳಿ ಹುರಿಯುತ್ತಾರೆ. ಗೋಧಿಹಿಟ್ಟು, ಮೊಟ್ಟೆ ಕಲಸಿ ಚಿವುಟಿದ 'ಚಿಪೆಟ್ಕೆ' ಎಂಬ ತುಣುಕುಗಳನ್ನು ಅದರಲ್ಲಿ ಬೇಯಿಸುವುದುಂಟು. ಕೆಲವರು ಹಿಟ್ಟು ಹುರಿದು ಹಾಕಿ ಸಾರನ್ನು ಗಟ್ಟಿಮಾಡುತ್ತಾರೆ. ಕೆಲವರು ಹುಳಿಗೆನೆ ಬೆರೆಸುತ್ತಾರೆ. ಸೆಲರಿ ಗೆಡ್ಡೆಯನ್ನೂ ಹಾಕುವುದುಂಟು. ಗೋಧಿ, ಮೊಟ್ಟೆ, ಹಾಲು, ಸೆಲರಿ ಈ ನಾಲ್ಕೂ ಕೆಲವರ ದೇಹಕ್ಕೆ ಒಗ್ಗದ ವಸ್ತುಗಳು. ಇಂಥ 14 ವಸ್ತುಗಳಲ್ಲಿ ಯಾವುದು ಬಡಿಸುವ ಆಹಾರದಲ್ಲಿದ್ದರೂ ಉಣ್ಣುವವರಿಗೆ ತಿಳಿಸಬೇಕೆಂಬ ಯುರೋಪಿಯನ್ ಒಕ್ಕೂಟದ ನಿಯಮ 2014ರ ಡಿಸೆಂಬರಿನಿಂದ ಹಂಗೇರಿಯಲ್ಲೂ ಜಾರಿಯಲ್ಲಿದೆ.

ಸೆಗೆಡ್‌ನಲ್ಲಿ ಪರಿಚಿತರೊಬ್ಬರ ಮೂಲಕ ಒಂದು ಮನೆಯ ಆತಿಥ್ಯ ನನಗೆ ಒದಗಿತು. ಆ ಮನೆಯ ಎಂಟು ವರ್ಷದ ಮೊಮ್ಮಗಳಿಗೆ ಸೀಲಿಯಾಕ್ ರೋಗ. ಗೋಧಿ, ಜವೆಗೋಧಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಹೊಟ್ಟೆ ಸೇರಿದರೆ ದೇಹದ ರಕ್ಷಣಾಶಕ್ತಿಯೇ ಸಣ್ಣ ಕರುಳಿನ ಒಳಪೊರೆಯನ್ನು ಹಾಳುಗೆಡಹುತ್ತದೆ. ಇದು ಸಾಮಾನ್ಯ ಅಲರ್ಜಿಯಲ್ಲ. ಆ ಧಾನ್ಯಗಳನ್ನು ಜೀವನಪರ್ಯಂತ ವರ್ಜಿಸುವುದೇ ಇದಕ್ಕೆ ಚಿಕಿತ್ಸೆ. ಈ ರೋಗಕ್ಕೂ ಗೋಧಿಗೂ ಇರುವ ನಂಟನ್ನು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿದರು. ಮೊದಮೊದಲು ಅಜ್ಜಿ ಮಗುವಿಗೆಂದೇ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಿದ್ದರಂತೆ. ಎಲ್ಲರೂ ಬೊಗ್ರಾಚ್‌ನಿಂದ ಬಡಿಸಿಕೊಳ್ಳುವಾಗ ಮಗು ತನ್ನ ಬಟ್ಟಲನ್ನು ಮುಟ್ಟದೆ ಕುಳಿತುಬಿಡುತ್ತಿತ್ತು. ಕೊನೆಗೆ ಆ ತಾಯಿ ಬದಲಿಸಿದ್ದು ಮಗುವಿನ ಅಡುಗೆಯನ್ನಲ್ಲ, ಮನೆಯವರೆಲ್ಲರ ಅಡುಗೆಯನ್ನು. ಹಿಟ್ಟು, ಹುಳಿಗೆನೆ, ಕೊಬ್ಬುಗಳನ್ನು ಕೊಪ್ಪರಿಗೆಯಿಂದ ದೂರವಿಟ್ಟರು. ಮಾಂಸಾಹಾರಿಯಲ್ಲದ ಅತಿಥಿಯ ನಿಮಿತ್ತ ಅಂದು ಹುಸಿ ಗುಯಾಶ್ ಬೆಂದಿತು. ನಾನೂ ಆ ಮಗುವೂ ಒಂದೇ ಸೌಟಿನಿಂದ ಬಡಿಸಿಕೊಂಡೆವು.

ಅವರು ಮಾಡಿದ ಬಗೆಯನ್ನು ನಮ್ಮ ತಾಯಂದಿರಿಗಾಗಿ ಇಲ್ಲಿ ಕೊಡುತ್ತೇನೆ. ನಾಲ್ವರಿಗೆ ಎರಡು ದೊಡ್ಡ ಈರುಳ್ಳಿಗಳನ್ನು ಸಣ್ಣಗೆ ಹೆಚ್ಚಿ, ಎರಡು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಮೆತ್ತಗಾಗುವವರೆಗೆ ಬಾಡಿಸಬೇಕು. ಅನಂತರ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ ಎರಡು ದೊಡ್ಡ ಚಮಚ ಸಿಹಿ ಪಾಪ್ರಿಕಾ ಬೆರೆಸಬೇಕು. ಅದರಲ್ಲಿ ಸಕ್ಕರೆಯ ಅಂಶವಿರುವುದರಿಂದ ಉರಿಯ ಮೇಲೆ ಬೇಗನೆ ಸೀದು ಕಹಿಯಾಗುತ್ತದೆ. ಎಣ್ಣೆಯಲ್ಲಿ ಮಾತ್ರ ಅದರ ಬಣ್ಣ ಚೆನ್ನಾಗಿ ಬಿಡುತ್ತದೆ. ಆದುದರಿಂದ ಎಣ್ಣೆಯನ್ನು ತಗ್ಗಿಸಬಹುದು, ಪೂರ್ತಿ ಬಿಡುವಂತಿಲ್ಲ. ಕೂಡಲೇ ತುಸು ನೀರು ಚಿಮುಕಿಸಿ ಪುನಃ ಒಲೆಗೇರಿಸಿ, ಹೆಚ್ಚಿದ ಎರಡು ಟೊಮೆಟೊ, ಎರಡು ದೊಣ್ಣೆಮೆಣಸು, ಎರಡು ಎಸಳು ಬೆಳ್ಳುಳ್ಳಿ, ಜೀರಿಗೆಯನ್ನು ಹೋಲುವ ಕ್ಯಾರವೇ ಬೀಜ ಅರ್ಧ ಚಮಚ ಹಾಕಬೇಕು. ಬಳಿಕ ಅರ್ಧ ಕಿಲೋ ಆಲೂಗಡ್ಡೆ, ಎರಡು ಗಜ್ಜರಿಗಳ ಹೋಳು, ಒಂದು ಲೀಟರ್ ನೀರು, ರುಚಿಗೆ ಉಪ್ಪು. ಆಲೂಗಡ್ಡೆ ಬೆಂದ ಮೇಲೆ ನಾಲ್ಕಾರು ಹೋಳುಗಳನ್ನು ಸೌಟಿನ ಬೆನ್ನಿನಿಂದ ಮಸೆದುಬಿಟ್ಟರೆ ಹಿಟ್ಟಿಲ್ಲದೆಯೇ ಸಾರು ಮಂದವಾಗುತ್ತದೆ. ಹಿಂದಿನ ರಾತ್ರಿ ನೆನೆಹಾಕಿ, ಬೇರೆಯಾಗಿ ಚೆನ್ನಾಗಿ ಕುದಿಸಿ ಬೇಯಿಸಿದ ಕೆಂಪು ಹುರುಳಿಕಾಯಿ ಬೀಜವನ್ನು ಸೇರಿಸಿದರೆ ಪುಷ್ಟಿಯೂ ಆಯಿತು.

ಪಾಪ್ರಿಕಾ ದೊರೆಯದಿದ್ದಲ್ಲಿ ಬೀಜ ತೆಗೆದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಸಾಕು, ಅಳತೆ ಕಡಿಮೆಯಿರಲಿ. ಹಂಗೇರಿಯಲ್ಲಿ ಗೋಧಿಯ ರೊಟ್ಟಿಯೊಡನೆ ಉಣ್ಣುವ ಈ ಸಾರಿಗೆ ನಮ್ಮ ಜೋಳದ ರೊಟ್ಟಿ ಒಪ್ಪುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ ಗಿರಣಿಯಲ್ಲಿ ಗೋಧಿಯ ಬೆನ್ನಿಗೇ ಬೀಸಿದ ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಶ ಉಳಿದಿರುತ್ತದೆ. ಡಬ್ಬಿಯ ಇಂಗಿನ ಪುಡಿಯಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು. ಚೀಟಿಯನ್ನು ಓದಿ ಕೊಳ್ಳಬೇಕು. ಅಂಥ ಮಕ್ಕಳಿರುವ ಮನೆಗಳಲ್ಲಿ ಲಟ್ಟಣಿಗೆ, ಸೌಟು, ಹಲಗೆಗಳ ಮೇಲೂ ಕಣ್ಣಿರಬೇಕು. ವೈದ್ಯರು ಪರೀಕ್ಷಿಸುವ ಮೊದಲೇ ನಾವಾಗಿ ಗೋಧಿಯನ್ನು ಬಿಡಿಸಿದರೆ ರೋಗದ ಗುರುತು ಪರೀಕ್ಷೆಗೆ ಸಿಕ್ಕದೆ ಹೋಗಬಹುದು; ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಪಂಕ್ತಿಯಲ್ಲಿ ಕುಳಿತ ಒಬ್ಬರಿಗೆ ಒಗ್ಗದುದನ್ನು ಉಳಿದವರು ಒಂದು ಹೊತ್ತು ಬಿಟ್ಟರೆ ಯಾರ ಹೊಟ್ಟೆಯೂ ಬರಿದಾಗುವುದಿಲ್ಲ. ಸೆಗೆಡ್‌ನ ಆ ಮನೆಯಲ್ಲಿ ಊಟ ಮುಗಿಯುವ ಹೊತ್ತಿಗೆ ಕೊಪ್ಪರಿಗೆಯ ತಳ ಕಾಣುತ್ತಿತ್ತು. ಮಗು ಎರಡನೆಯ ಸಲ ಬಡಿಸಿಕೊಂಡಿತ್ತು.