ಅಟ್ಟದ ಮೇಲಿನ ‘ಪ್ರಪಂಚ’

ನಮ್ಮ ಕುಮಾರಪಟ್ಟಣದಲ್ಲಿ ಹೊಳೆಯ ದಂಡೆಗೆ ನಿಂತರೆ ಆಚೆಗೆ ಹರಿಹರವು ಕಾಣುವದು. 1956ರ ನವೆಂಬರ 1ರ ತನಕ ಅದು ಮೈಸೂರಿಗೂ ಇದು ಮುಂಬಯಿಗೂ ಸೇರಿದ್ದಿತು. ಒಂದೇ ತುಂಗಭದ್ರೆಯ ನೀರನ್ನು ಕುಡಿದು ಒಂದೇ ನುಡಿಯನ್ನಾಡುವವರು ಇಬ್ಬರು ದೊರೆಗಳಿಗೆ ಕಂದಾಯವನ್ನು ತೆತ್ತರು. ನಮ್ಮ ಅಜ್ಜನಿಗೆ ಈ ಸಂಗತಿಯು ಹುಟ್ಟಿದಂದಿನಿಂದಲೂ ಗೊತ್ತು. ಅದು ಅನ್ಯಾಯವೆಂದು ಮನಮುಟ್ಟಿದುದು ಮಾತ್ರ ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’ವನ್ನು ಓದಹತ್ತಿದ ಮೇಲೆಯೇ ಎಂದು ಅವನು ಹೇಳುತ್ತಿದ್ದನು.

ಹಾವೇರಿ ತಾಲೂಕಿನ ಕುರುಬಗೊಂಡದಲ್ಲಿ ಹುಟ್ಟಿದ ಪುಟ್ಟಪ್ಪನವರು ಕಾಯದೆಯನ್ನು ಓದಿದರು. 1949ರಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪತ್ರಿಕಾವಿದ್ಯೆಯನ್ನು ಕಲಿತರು. ಅಷ್ಟು ದೂರ ಹೋಗಿ ಬಂದವರು 1954ರಲ್ಲಿ ಹುಬ್ಬಳ್ಳಿಯಲ್ಲಿ ಕುಳಿತು ಕನ್ನಡದ ವಾರಪತ್ರಿಕೆಯನ್ನು ತೆಗೆದುದು ಹಲವರಿಗೆ ಹುಚ್ಚೆನಿಸಿರಬೇಕು. ಅವರ ಬರೆವಣಿಗೆಯ ಖಾರವನ್ನು ನಮ್ಮ ಬ್ಯಾಡಗಿಯ ಮೆಣಸಿನಕಾಯಿಗೆ ಹೋಲಿಸುವವರುಂಟು. ನನಗೆ ಅದು ಒಪ್ಪದು: ಬ್ಯಾಡಗಿಯದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ, ಇವರದು ಬಣ್ಣ ಕಟ್ಟದ ಖಾರ. 1962ರಿಂದ 1974ರ ವರೆಗೆ ರಾಜ್ಯಸಭೆಯಲ್ಲಿದ್ದರೂ ಆ ಖಾರವು ಇಳಿಯಲಿಲ್ಲ. ಎಳೆಯ ವಯಸ್ಸಿನಲ್ಲಿ ನನಗದು ಬರಿಯ ಬೈಗಳವಾಗಿ ಕಂಡಿತು. ಅಜ್ಜನೊಡನೆ ವಾದಿಸಿದೆನು, ಅವನ ಕಟ್ಟುಗಳನ್ನು ಬಿಚ್ಚಿಯೂ ನೋಡಲಿಲ್ಲ.

2020ರ ಮಾರ್ಚ 16ರಂದು ಪುಟ್ಟಪ್ಪನವರು ತೀರಿಕೊಂಡರೆಂಬ ಸುದ್ದಿ ಬಂದಿತು. ಅಟ್ಟವನ್ನೇರಿ ಹುಡುಕಿದೆನು. ಮನೆಗೆ ಸುಣ್ಣ ಹಚ್ಚಿಸುವಾಗ ಕಟ್ಟುಗಳನ್ನೆಲ್ಲ ನಾನೇ ರದ್ದಿಗೆ ಹಾಕಿದುದು ಆಗ ನೆನಪಾಯಿತು. ದೊರೆತುದು ಒಂದು ಹರಿದ ಹಾಳೆ. ಅದರ ಅಂಚಿಗೆ ಅಜ್ಜನು ಎಳೆದ ಪೆನ್ಸಿಲಿನ ಗೆರೆ.