ಗುಡ್ಡ ಹತ್ತಿದ್ದಕ್ಕಲ್ಲ, ಇಳಿದಿದ್ದಕ್ಕೆ!

ಸಿನಿಮಾ ಹೀರೋಗೆ ಕಾಲುನೋವು ಬರೋದೇ ಇಲ್ಲ, ಗಮನಿಸಿದ್ದೀರಾ? ಒಂದು ಹಾಡು ಮುಗಿಯುವುದರೊಳಗೆ ಐನೂರು ಬೈಠಕ್ ಹೊಡೀತಾನೆ. ಮುಂದಿನ ದೃಶ್ಯದಲ್ಲಿ ಹತ್ತು ಮಂದಿ ಖಳರನ್ನ ಒದ್ದು ಕೆಡವತಾನೆ. ನಮ್ಮ-ನಿಮ್ಮ ಕಾಲಿಗೆ ಎಡಿಟರನ ಕತ್ತರಿ ಇಲ್ಲವಲ್ಲ! ನಡುವಿನ ಮೂರು ದಿನ ಅನುಭವಿಸಲೇಬೇಕು.

ಆ ಮೂರು ದಿನದ ರುಚಿ ನನಗೆ ತೋರಿಸಿದ್ದು ಕಪ್ಪತಗುಡ್ಡ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಚಾಚಿಕೊಂಡು, 2019ರಲ್ಲಿ ವನ್ಯಜೀವಿ ಧಾಮವಾದ ಗುಡ್ಡ. ಗಾಳಿಗುಂಡಿ ಬಸವಣ್ಣನಿಗೆ ಕೈಮುಗಿದು ಇಳಿದು ಬಂದೆ. ಹತ್ತುವಾಗ ಏದುಸಿರು, ಇಳಿಯುವಾಗ ಬಾಯಲ್ಲಿ ಹಾಡು. ಎರಡನೇ ದಿನ ಮುಂಡರಗಿ ಸ್ಟ್ಯಾಂಡಿನಲ್ಲಿ ಬಸ್ಸಿಳಿಯಬೇಕಾದರೆ ಎರಡೂ ತೊಡೆ ಕಲ್ಲು! ಹಿಂದಿದ್ದ ಅಜ್ಜಿ, "ತಮ್ಮಾ, ಕೈ ಹಿಡೀಲೇನು?" ಅಂದಳು.

ಇದೆಲ್ಲ ಇಳಿಜಾರಿನ ಕರಾಮತ್ತು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ದುಡಿಯುತ್ತದೆ. ಇಳಿಯುವಾಗ ಮೈಭಾರಕ್ಕೆ ಬ್ರೇಕ್ ಹಾಕುತ್ತಲೇ ಹಿಗ್ಗಬೇಕು. ಆಗಲೇ ಅದರ ಎಳೆಗಳಿಗೆ ಕಣ್ಣಿಗೆ ಕಾಣದ ಪೆಟ್ಟು ಬೀಳುವುದು. ಬೈಠಕ್ಕಿನಲ್ಲಿ ಕೆಳಗೆ ಕೂರುವಾಗಲೂ ಇದೇ ಕಥೆ. 'ಲ್ಯಾಕ್ಟಿಕ್ ಆಸಿಡ್ ಕಟ್ಟಿದೆ' ಅನ್ನುವವರುಂಟು. ಅದು ಒಂದೆರಡು ತಾಸಿನಲ್ಲೇ ಕರಗಿಹೋಗುತ್ತದೆ. ಈ ನೋವು ಜೋರಾಗುವುದು 24ರಿಂದ 72 ತಾಸಿನ ನಡುವೆ.

ಇನ್ನೊಂದು ಮಾತು ಕೇಳಿ. ಕಾಲಿನ ಕಸುವು ನೋವಿಗಾಗಿ ಕಾಯುವುದಿಲ್ಲ. ಗುಡ್ಡ ಇಳಿದ ಗಳಿಗೆಗೇ, ನೋವಿನ ಸುಳಿವು ಇಲ್ಲದಾಗಲೇ, ಅದು ಕುಂದಿರುತ್ತದೆ. ಪೆಟ್ಟು ಜೋರಾಗಿದ್ದರೆ ನೋವು ಹೋದ ಮೇಲೂ ಪೂರ್ತಿ ಮರಳಲು ವಾರವೇ ಬೇಕಾದೀತು.

ಬೆಟಗೇರಿಯ ನೇಕಾರರ ಮನೆಯ ಹುಡುಗನೊಬ್ಬ ನನಗೆ ಪರಿಚಯ. ಪೊಲೀಸ್ ಕಾನ್‌ಸ್ಟೇಬಲ್ ಆಗುವಾಸೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು, ಓಡುತ್ತಿದ್ದ ಕೂಡ. ಪರೀಕ್ಷೆಗೆ ಎರಡೇ ದಿನ ಇದ್ದಾಗ, "ಕಾಲು ಗಟ್ಟಿ ಆಗಲಿ" ಅಂತ ಎಂದೂ ಹೊಡೆಯದ ಮುನ್ನೂರು ಬೈಠಕ್ ಹೊಡೆದ. ಮೈದಾನದಲ್ಲಿ ಕೊನೇ ಸುತ್ತಿಗೆ ಕಾಲು ಮಾತೇ ಕೇಳಲಿಲ್ಲ. "ಹುಡುಗಗ ಧೈರ್ಯ ಸಾಲದು" ಅಂದರು ಓಣಿಯವರು. ಧೈರ್ಯ ಸಾಲದ್ದಲ್ಲ ಸ್ವಾಮಿ, ದಿನ ಸಾಲಲಿಲ್ಲ! ಅಪ್ಪ ಮಗ್ಗದ ಮುಂದೆ ಒಂದು ಮಾತೂ ಆಡದೆ ಕೂತಿದ್ದ.

ಆದರೆ ಇದೇ ನೋವಿನಲ್ಲಿ ಒಂದು ಉಪಕಾರವೂ ಇದೆ. ಒಮ್ಮೆ ನೊಂದು ವಾಸಿಯಾದ ಸ್ನಾಯು ಮತ್ತೆ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆ ರಕ್ಷಣೆ ಹಲವು ವಾರ ಉಳಿಯುತ್ತದೆ. ಅದಕ್ಕೇ ಹೊಸ ಕಸರತ್ತು ತಿಂಗಳುಗಟ್ಟಲೆ ಮುಂಚೆ ಶುರುವಾಗಲಿ, ಸ್ವಲ್ಪ ಸ್ವಲ್ಪವೇ. ಪರೀಕ್ಷೆಯ ವಾರ ಹೊಸದೇನೂ ಬೇಡ. ನೋವಿದ್ದಾಗ ಹಗುರಾಗಿ ನಡೆದಾಡಿದರೆ ಹಿತ. ಮೂತ್ರ ಕರೀ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಓಡಿ.

1983ರ 'ಕಾಮನಬಿಲ್ಲು' ಚಿತ್ರದಲ್ಲಿ ಅಣ್ಣಾವ್ರ ಯೋಗಾಸನ ನೋಡಿ ಸಿಳ್ಳೆ ಹೊಡೆದವರೆಷ್ಟು! ಆ ಮೈ ಒಂದು ವಾರದಲ್ಲಿ ಮಣಿದದ್ದಲ್ಲ. ವರ್ಷಗಳ ರೂಢಿ ಅದು. ನಮ್ಮ ಬೆಟಗೇರಿಯ ಹುಡುಗನೂ ಈಗ ಹತ್ತು ಬೈಠಕ್ಕಿನಿಂದ ಶುರು ಮಾಡಿದ್ದಾನೆ. ಮುಂದಿನ ಭರ್ತಿ ಯಾವಾಗ ಅಂತ ದಿನಾ ಪೇಪರ್ ತಿರುವತಾನೆ.