ಕಾಗೆಯನ್ನೂ ಬರೆದಿಡಬೇಕು

ಹವ್ಯಾಸ ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಹೆಚ್ಚಿನ ಗೌರವವಿಲ್ಲ. ಹಣ ತಂದರೆ ಅದು ಉದ್ಯೋಗ, ಅಂಕ ತಂದರೆ ಅದು ವಿದ್ಯೆ. ಎರಡನ್ನೂ ತಾರದಿದ್ದರೆ ಅದು ಹೊತ್ತು ಕಳೆಯುವ ಕೆಲಸ. ಅದರಲ್ಲೂ ಐವತ್ತು ದಾಟಿದ ಗೃಹಿಣಿಯೊಬ್ಬಳು ದಿನಾ ಬೆಳಿಗ್ಗೆ ಅರ್ಧ ಗಂಟೆ ತಾರಸಿಯಲ್ಲಿ ನಿಂತು ಹಕ್ಕಿಗಳನ್ನು ನೋಡುತ್ತಾಳೆ, ನೋಡಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಾಳೆ ಎಂದರೆ ಕೇಳಿದವರಲ್ಲಿ ಏಳುವ ಮೊದಲ ಪ್ರಶ್ನೆ, ‘ಮನೆಯಲ್ಲಿ ಬೇರೆ ಕೆಲಸವಿಲ್ಲವೇ?’ ಎಂಬುದು.

ಆ ಗೃಹಿಣಿ ನಾನೇ. ಮಂಗಳೂರಿನ ಕುದ್ರೋಳಿಯಲ್ಲಿರುವ ನಮ್ಮ ಮನೆಯ ತಾರಸಿ ದೊಡ್ಡದೇನಲ್ಲ. ಒಂದು ಕಡೆ ನೀರಿನ ಟ್ಯಾಂಕ್, ಇನ್ನೊಂದು ಕಡೆ ಬಟ್ಟೆ ಒಣಗಿಸುವ ಹಗ್ಗ. ಸುತ್ತಲೂ ಫ್ಲ್ಯಾಟುಗಳು ಎದ್ದಿವೆ. ಅವುಗಳ ನಡುವೆ ಉಳಿದಿರುವ ಹಿತ್ತಿಲುಗಳಲ್ಲಿ ತೆಂಗು, ಮಾವು, ಹಲಸು ಇನ್ನೂ ಇವೆ. ಅಷ್ಟೇ ಸಾಕಾಗಿದೆ. ಬೆಳಕು ಹರಿಯುವ ಮೊದಲೇ ಮಡಿವಾಳ ಹಕ್ಕಿ ಹಾಡಲು ಶುರು ಮಾಡುತ್ತದೆ. ಆಮೇಲೆ ಪಿಕಳಾರ, ಸೂರಕ್ಕಿ, ಕೆಂಬೂತ. ಬಂದರಿನ ದಕ್ಕೆಗೆ ಮೀನಿನ ದೋಣಿಗಳು ಬಂದವೆಂದರೆ ನಮ್ಮ ಆಕಾಶದಲ್ಲಿ ಹದ್ದುಗಳೂ ಗರುಡಗಳೂ ಸುತ್ತತೊಡಗುತ್ತವೆ. ಮಳೆಗಾಲ ಮುಗಿದ ಮೇಲೆ ದೂರದ ಅತಿಥಿಗಳು. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ನವರಂಗ. ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡುವ ಈ ಪುಟ್ಟ ಹಕ್ಕಿ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಆರು ಗಂಟೆಯ ಆಸುಪಾಸಿನಲ್ಲಿ ಕೂಗುವುದರಿಂದ ತಮಿಳರು ಅದನ್ನು ಆರು ಗಂಟೆಯ ಹಕ್ಕಿ ಎಂದೇ ಕರೆಯುತ್ತಾರೆ.

ಇದೆಲ್ಲ ಶುರುವಾದದ್ದು ಮಕ್ಕಳು ದೊಡ್ಡವರಾಗಿ ಮನೆ ಖಾಲಿ ಖಾಲಿ ಎನಿಸಿದ ಕಾಲದಲ್ಲಿ. ಮಗ ಬಿಟ್ಟುಹೋದ ಒಂದು ದುರ್ಬೀನು, ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’, ಇನ್ನೂರು ಪುಟದ ಒಂದು ನೋಟುಪುಸ್ತಕ. ನನ್ನ ಬಂಡವಾಳ ಇಷ್ಟೇ. ಎಷ್ಟೋ ವರ್ಷ ಮನೆಯವರಿಗಾಗಿ ಬೆಳಗಾಗುತ್ತಿದ್ದ ನನಗೆ, ಆ ಅರ್ಧ ಗಂಟೆ ನನ್ನದೇ ಆದ ಬೆಳಗು ಎನಿಸಿತು.

ಕಂಡದ್ದನ್ನು ನಾಲ್ಕು ಜನರೊಡನೆ ಹಂಚಿಕೊಳ್ಳುವ ಆಸೆ ಯಾರಿಗಿಲ್ಲ? ಒಂದು ದಿನ ಕಾಡುಕಾಗೆಯೊಂದರ ಫೋಟೋ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ‘ಕಾಗೆಗೂ ಫೋಟೋವೇ?’ ಎಂದು ಒಬ್ಬರು ಕೇಳಿದರು. ‘ಅತ್ತಿಗೆಗೆ ಅಡುಗೆಮನೆಯಿಂದ ನಿವೃತ್ತಿ ಸಿಕ್ಕಿದೆ’ ಎಂದರು ಮೈದುನ. ಅದರ ಕೆಳಗೆ ಸಾಲು ಸಾಲಾಗಿ ನಗುವ ಮುಖಗಳು. ಮನೆಯವರ ತಮಾಷೆಯೆಂದು ಬಿಟ್ಟುಬಿಟ್ಟೆ. ಆದರೆ ಹಕ್ಕಿಪ್ರಿಯರದ್ದೇ ಇನ್ನೊಂದು ಗುಂಪಿನಲ್ಲಿ ಸಿಕ್ಕಿದ ಮಾತು ಹೆಚ್ಚು ಚುಚ್ಚಿತು. ‘ಇಂಥ ಸಾಮಾನ್ಯ ಹಕ್ಕಿಗಳಿಂದ ಗುಂಪನ್ನು ತುಂಬಿಸಬೇಡಿ. ಈ ಕ್ಯಾಮೆರಾ ಇಟ್ಟುಕೊಂಡು ಹಕ್ಕಿಗಳ ಸಹವಾಸ ಯಾಕೆ?’ ಮುಖ ನೋಡದವರು, ಹೆಸರು ಗೊತ್ತಿಲ್ಲದವರು ಎಷ್ಟು ಸಲೀಸಾಗಿ ಹೀಗೆ ಹೇಳಿಬಿಡುತ್ತಾರೆ! ಎದುರು ಕುಳಿತು ಚಹಾ ಕುಡಿಯುವಾಗ ಇದೇ ಮಾತನ್ನು ಅವರು ಆಡುತ್ತಿದ್ದರೇ?

ಎದುರಿನವರ ಮಾತೂ ಒಂದು ಸಲ ಬಂತು. ಎದುರು ಮನೆಯಾಕೆಗೆ ನನ್ನ ದುರ್ಬೀನಿನ ಬಗ್ಗೆ ಅನುಮಾನವಿದೆ, ಅದು ಸದಾ ಅವರ ಕಿಟಕಿಯ ಕಡೆಗೇ ತಿರುಗಿರುತ್ತದಂತೆ ಎಂಬ ಸುದ್ದಿ ಮೂರನೆಯವರ ಮೂಲಕ ನನಗೆ ತಲುಪಿತು. ಅವರ ಆತಂಕದಲ್ಲಿ ಅರ್ಥವಿತ್ತು. ಅಂದೇ ಸಂಜೆ ದುರ್ಬೀನು ಹಿಡಿದು ಅವರ ಮನೆಗೇ ಹೋದೆ. ಕಿಟಕಿಯ ಪಕ್ಕದ ಕೇಬಲ್ ತಂತಿಯಲ್ಲಿ ಸೂರಕ್ಕಿಯೊಂದು ನಾರು, ಒಣ ಎಲೆ, ಜೇಡರ ಬಲೆ ಸೇರಿಸಿ ಚೀಲದಂಥ ಗೂಡು ಕಟ್ಟುತ್ತಿತ್ತು. ಅವರ ಕೈಗೆ ದುರ್ಬೀನು ಕೊಟ್ಟೆ. ಎಷ್ಟು ಹೊತ್ತಾದರೂ ಅವರು ಅದನ್ನು ಹಿಂದೆ ಕೊಡಲಿಲ್ಲ. ‘ಇದನ್ನು ಕಸವೆಂದು ತಿಳಿದು ನಾಳೆ ತೆಗೆಸುವವಳಿದ್ದೆ’ ಎಂದರು. ಆ ಗೂಡಿನಿಂದ ಎರಡು ಮರಿಗಳು ಹಾರಿಹೋದ ದಿನ ನನಗೆ ಮೊದಲು ಫೋನ್ ಮಾಡಿದವರು ಅವರೇ.

ಹೀಗೆ ಹತ್ತಿರ ಹೋಗಿ ತೋರಿಸುವ ಅವಕಾಶ ಮೊಬೈಲಿನ ಪರದೆಯ ಮೇಲೆ ಸಿಗುವುದಿಲ್ಲ. ಅಲ್ಲಿನ ಮಾತಿನಿಂದ ನಾನು ಪಾರಾದೆ, ನಾದಿನಿಯ ಮಗಳು ಪಾರಾಗಲಿಲ್ಲ. ಪಿಯುಸಿ ಓದುವ ಹುಡುಗಿ. ಹಕ್ಕಿಗಳ ಚಿತ್ರ ಬಿಡಿಸುವುದು ಅವಳ ಹುಚ್ಚು. ಅವುಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದಳು. ‘ಇದು ಗಿಳಿಯೋ ಕೋಳಿಯೋ?’ ಎಂದು ಯಾರೋ ಬರೆದರು. ಇನ್ನಾರೋ ಅವಳ ಮನೆತನವನ್ನೂ ಉಡುಪನ್ನೂ ಎಳೆದು ತಂದರು. ಅವಳು ಖಾತೆ ಅಳಿಸಿದಳು, ಬಣ್ಣದ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟಳು. ‘ಇನ್ನು ಬೇಡ ಮಾಮಿ, ಎಲ್ಲರೂ ನಗುತ್ತಾರೆ’ ಎಂದಳು. ಹತ್ತೋ ಹನ್ನೆರಡೋ ಮಂದಿಯ ಮಾತು ಅವಳಿಗೆ ‘ಎಲ್ಲರೂ’ ಆಗಿತ್ತು. ಈ ಲೇಖನ ಬರೆಯಲು ಅದೇ ಕಾರಣ.

ಅವಳಿಗೆ ನಾನು ಸಲೀಂ ಅಲಿಯವರ ಕಥೆ ಹೇಳಿದೆ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಆ ಕಾರಣದಿಂದ ಭಾರತೀಯ ಪ್ರಾಣಿವಿಜ್ಞಾನ ಸಮೀಕ್ಷೆಯಲ್ಲಿ ಹಕ್ಕಿತಜ್ಞನ ಹುದ್ದೆ ಸಿಗಲಿಲ್ಲ. ಮುಂಬೈಯ ವಸ್ತುಸಂಗ್ರಹಾಲಯದಲ್ಲಿದ್ದ ಕೆಲಸವೂ, ಜರ್ಮನಿಯಲ್ಲಿ ಕಲಿತು 1930ರಲ್ಲಿ ಮರಳುವಷ್ಟರಲ್ಲಿ, ಹಣದ ಕೊರತೆಯಿಂದ ರದ್ದಾಗಿತ್ತು. ಮದುವೆಯಾದ, ನಿರುದ್ಯೋಗಿಯಾದ, ಮೂವತ್ತು ದಾಟಿದ ಗಂಡಸು. ಪತ್ನಿ ತೆಹ್ಮಿನಾರೊಂದಿಗೆ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿ, ಗೀಜಗ ಗೂಡು ಕಟ್ಟುವುದನ್ನು ನೋಡುತ್ತ ಕುಳಿತರು. ಗೀಜಗವೆಂದರೆ ಹಳ್ಳಿಗರೆಲ್ಲ ಕಂಡ ಹಕ್ಕಿ. ಅದರಲ್ಲಿ ನೋಡುವುದೇನಿದೆ? ಆದರೆ ಗಂಡು ಗೀಜಗ ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಒಪ್ಪಿದ ಮೇಲೆಯೇ ಅದನ್ನು ಪೂರ್ತಿ ಮಾಡುತ್ತದೆ, ಬಳಿಕ ಇನ್ನೊಂದು ಗೂಡಿಗೆ ಕೈಹಾಕುತ್ತದೆ ಎಂಬುದನ್ನು ಅವರು ತಾಳ್ಮೆಯಿಂದ ದಾಖಲಿಸಿದರು. ಅವರಿಗೆ ಹೆಸರು ತಂದ ಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಅವರೇ ನಡೆಸಿದರು. 1976ರಲ್ಲಿ ದೇಶ ಅವರಿಗೆ ಪದ್ಮವಿಭೂಷಣ ನೀಡಿತು.

ಹುಡುಗಿ ಕೇಳಿದಳು: ‘ಅವರು ದೊಡ್ಡವರಾದರು ಮಾಮಿ. ಆಗದವರ ಕಥೆ ಏನು?’

ಒಳ್ಳೆಯ ಪ್ರಶ್ನೆ. ಆಗದವರ ಕಥೆಗೂ ಈಗ ಉತ್ತರವಿದೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯೊಂದು ಪ್ರಕಟವಾಯಿತು. 942 ಪ್ರಭೇದಗಳ ಲೆಕ್ಕ ಅದರಲ್ಲಿದೆ. ಅದಕ್ಕೆ ಆಧಾರವಾದದ್ದು 30,000ಕ್ಕೂ ಹೆಚ್ಚು ಹಕ್ಕಿವೀಕ್ಷಕರು ‘ಈ-ಬರ್ಡ್’ ಎಂಬ ದಾಖಲೆಕೋಶಕ್ಕೆ ಕೊಟ್ಟ 3 ಕೋಟಿಗೂ ಮಿಕ್ಕಿದ ಮಾಹಿತಿ. ಅವರಲ್ಲಿ ಹೆಚ್ಚಿನವರು ಹೆಸರು ಮಾಡಿದವರಲ್ಲ. ಸುಮ್ಮನೆ ನೋಡಿ ಬರೆದವರು.

ಆ ಲೆಕ್ಕದ ರೀತಿಯೂ ತಿಳಿಯಬೇಕಾದದ್ದೇ. ಪಟ್ಟಿ ಮಾಡುವವರು ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆಯಬೇಕು, ಸಾಮಾನ್ಯವೆಂದು ಯಾವುದನ್ನೂ ಬಿಡಬಾರದು. ನೂರು ಪಟ್ಟಿಗಳಲ್ಲಿ ಒಂದು ಹಕ್ಕಿ ಎಷ್ಟರಲ್ಲಿ ಕಾಣಿಸಿದೆ, ಹತ್ತು ವರ್ಷದ ನಂತರ ಎಷ್ಟರಲ್ಲಿ ಕಾಣಿಸಿದೆ ಎಂದು ಹೋಲಿಸಿದಾಗ ಅದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ತಿಳಿಯುತ್ತದೆ. ‘ಇದೇನು, ಬರೀ ಕಾಗೆ’ ಎಂದು ಎಲ್ಲರೂ ಬಿಟ್ಟುಬಿಟ್ಟರೆ, ಕಾಗೆ ಇಲ್ಲವಾದ ದಿನ ಅದು ಯಾವಾಗ ಇಲ್ಲವಾಯಿತೆಂದು ಹೇಳಲು ಯಾರೂ ಇರುವುದಿಲ್ಲ. ನಮ್ಮ ರಾಜ್ಯಪಕ್ಷಿ ನೀಲಕಂಠವನ್ನೇ ನೋಡಿ. ಬಯಲುಸೀಮೆಯ ವಿದ್ಯುತ್ ತಂತಿಗಳ ಮೇಲೆ ಕುಳಿತಿರುವ ಆ ಹಕ್ಕಿಯನ್ನು ಅಪರೂಪದ್ದೆಂದು ಯಾರೂ ಎಣಿಸಿರಲಿಲ್ಲ. ಅದರ ಸಂಖ್ಯೆ ಇಳಿಯುತ್ತಿದೆ ಎಂದು ತಿಳಿದದ್ದು ಈ ಪಟ್ಟಿಗಳಿಂದ. ನಮ್ಮ ಹಿತ್ತಿಲಿನ ಕೋಗಿಲೆ, ರಾಷ್ಟ್ರಪಕ್ಷಿ ನವಿಲು ಹೆಚ್ಚುತ್ತಿರುವುದೂ ಹೀಗೆಯೇ ತಿಳಿಯಿತು.

ಹಾಗೆಂದು ಪ್ರತಿ ಹವ್ಯಾಸವೂ ವಿಜ್ಞಾನಕ್ಕೆ ಕಾಣಿಕೆ ಸಲ್ಲಿಸಬೇಕೆಂದೇನೂ ಇಲ್ಲ. ಕಸೂತಿ ಹಾಕುವವರು, ಅಂಚೆಚೀಟಿ ಕೂಡಿಡುವವರು, ಟೆರೇಸಿನಲ್ಲಿ ಮಲ್ಲಿಗೆ ಬೆಳೆಸುವವರು ತಮ್ಮ ಸಂತೋಷಕ್ಕೆ ಯಾರ ಮುಂದೆಯೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಅಣಕಿಸುವವರು ನೋಡುವುದು ನಮ್ಮ ಒಂದು ದಿನವನ್ನು, ಒಂದು ಫೋಟೋವನ್ನು. ವರ್ಷಗಟ್ಟಲೆ ನಾವು ಪಟ್ಟ ಸಂತೋಷ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಿರುವಾಗ ಅವರ ತೀರ್ಪಿಗೆ ನಾವೇಕೆ ತಲೆಬಾಗಬೇಕು?

ಬಂದ ಮಾತನ್ನೆಲ್ಲ ದ್ವೇಷವೆಂದು ತಿಳಿಯುವುದೂ ಸರಿಯಲ್ಲ. ‘ಊರಕಾಗೆಯ ಕತ್ತು ಬೂದು, ಕಾಡುಕಾಗೆ ಪೂರ್ತಿ ಕಪ್ಪು, ಕೊಕ್ಕು ದಪ್ಪ’ ಎಂದು ತಿದ್ದುವವರು ನಮಗೆ ಏನನ್ನೋ ಕೊಟ್ಟು ಹೋಗುತ್ತಾರೆ. ಅವರಿಗೆ ಕೃತಜ್ಞತೆ ಹೇಳಬೇಕು. ‘ಕಾಗೆಗೂ ಫೋಟೋವೇ’ ಎನ್ನುವವರು ಏನನ್ನೂ ಕೊಡುವುದಿಲ್ಲ. ಅವರಿಗೆ ಉತ್ತರ ಬರೆಯುವ ಹತ್ತು ನಿಮಿಷದಲ್ಲಿ ಎಷ್ಟು ಹಕ್ಕಿಗಳು ಬಂದು ಹೋಗುತ್ತವೆ! ಆದ್ದರಿಂದ ಬೆಳಗಿನ ಅರ್ಧ ಗಂಟೆ ಫೋನನ್ನು ಕೆಳಗೇ ಬಿಟ್ಟು ತಾರಸಿ ಹತ್ತುತ್ತೇನೆ. ಮನೆತನ, ಉಡುಪು, ಧರ್ಮ ಎಂದು ಎಳೆದು ಹೀಯಾಳಿಸುವವರ ವಿಷಯ ಬೇರೆ. ಅಂಥವರನ್ನು ಮುಲಾಜಿಲ್ಲದೆ ಹೊರಗಿಡಬೇಕು, ಮಕ್ಕಳು ಅದನ್ನು ಮನೆಯ ಹಿರಿಯರಿಗೆ ಹೇಳುವಂತಿರಬೇಕು. ಹೇಳಿದಾಗ ‘ನಿನಗೇಕೆ ಬೇಕಿತ್ತು ಇದೆಲ್ಲ?’ ಎಂದು ನಾವೂ ಗದರಿಸಿದರೆ ಆ ಮಗು ಎಲ್ಲಿಗೆ ಹೋಗಬೇಕು?

ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲಿನ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತ ಅದರಲ್ಲಿ ಸೇರಿಕೊಂಡದ್ದು 2013ರಲ್ಲಿ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿದರೆ ಸಾಕು. ಈ ಸಲ ಹುಡುಗಿಯನ್ನು ಕರೆದುಕೊಂಡು ಸುಲ್ತಾನ್ ಬತ್ತೇರಿಗೆ ಹೋದೆ. ಗುರುಪುರ ನದಿಯೊಳಗೆ ಶತ್ರುಗಳ ಹಡಗು ಬರದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಗೋಪುರದ ಬಳಿ ನಿಂತು ನದಿಯನ್ನು ನೋಡಿದೆವು. ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ. ನೀರಿನ ಮೇಲೆ ಕಂದುತಲೆಯ ಕಡಲಹಕ್ಕಿಗಳು. ಅವು ಬೇಸಿಗೆಯಲ್ಲಿ ಮರಿ ಮಾಡುವುದು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಎಂದಾಗ ಅವಳು ಬಾಯಿ ತೆರೆದು ನೋಡಿದಳು.

ಪಟ್ಟಿಯನ್ನು ಅವಳೇ ಬರೆದಳು. ಮೊದಲ ಸಾಲಿನಲ್ಲಿ ‘ಊರಕಾಗೆ, 41’ ಎಂದಿತ್ತು. ಪುಟದ ಅಂಚಿನಲ್ಲಿ, ನನಗೆ ಕಾಣದಂತೆ ಕೈ ಅಡ್ಡ ಹಿಡಿದು, ಪೆನ್ಸಿಲಿನಿಂದ ಒಂದು ಕಾಗೆಯನ್ನು ಬಿಡಿಸುತ್ತಿದ್ದಳು. ನಾನು ನದಿಯ ಕಡೆಗೆ ತಿರುಗಿಕೊಂಡು ಎಣಿಕೆ ಮುಂದುವರಿಸಿದೆ.